ದಿನ ತುಂಬದ ಶಿಶು, ಕಾಯಿಸಿದ ತಾಯಿಹಾಲು ಮತ್ತು ಶ್ರಾವಕ ಧರ್ಮ

ನಮ್ಮ ಮನೆಗಳಲ್ಲಿ ನೀರನ್ನು ಸೋಸುವುದು, ಹಾಲನ್ನು ಕಾಯಿಸುವುದು ಕೇವಲ ಅಡುಗೆಮನೆಯ ಕೆಲಸವಲ್ಲ. ಅದು ಶ್ರಾವಕಾಚಾರದ ಅಂಗ. ಕರೆದ ಹಾಲನ್ನು ಸೋಸಿ ಅಂತರ್ಮುಹೂರ್ತದೊಳಗೆ, ಎಂದರೆ 48 ನಿಮಿಷಗಳೊಳಗೆ, ಒಲೆಗೇರಿಸಬೇಕು. ಆ ಮರ್ಯಾದೆ ಮೀರಿದರೆ ಅದರಲ್ಲಿ ಸಮ್ಮೂರ್ಛನ ಜೀವಿಗಳು ಉತ್ಪನ್ನವಾಗುತ್ತವೆ ಎಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ದೂರದೂರದ ಒಂಟಿ ಮನೆಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಈ ನಿಯಮವನ್ನು ಇಂದಿಗೂ ಶ್ರದ್ಧೆಯಿಂದ ಪಾಲಿಸಿಕೊಂಡು ಬಂದಿವೆ.

ಆದರೆ ನಮ್ಮ ಪೂರ್ವಿಕರಿಗೆ ಎದುರಾಗದಿದ್ದ ಒಂದು ಪ್ರಶ್ನೆ ಈಗ ನಮ್ಮ ಮುಂದಿದೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶು ಘಟ್ಟದ ಕೆಳಗಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ. ತಾಯಿ ಹಾಲನ್ನು ಹಿಂಡಿ ಕಳುಹಿಸುತ್ತಾಳೆ. ಅಥವಾ ಆಕೆಗೆ ಹಾಲು ಸಾಲದೆ, ಮತ್ತೊಬ್ಬ ತಾಯಿ ದಾನವಾಗಿ ಕೊಟ್ಟ ಹಾಲನ್ನು ವೈದ್ಯರು ಶಿಶುವಿಗೆ ಕುಡಿಸುತ್ತಾರೆ. ಈ ಹಾಲನ್ನು ಕಾಯಿಸಬೇಕೆ? ಕಾಯಿಸಿದರೆ ಅದರ ಗುಣವೇನಾಗುತ್ತದೆ? ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ಬೆಂಕಿಯಿಂದ ನಾಶಮಾಡುವುದು ಹಿಂಸೆಯಲ್ಲವೆ? ಮುಹೂರ್ತ ಮೀರಿದ ಹಾಲು, ಆದ್ದರಿಂದ ಕಾಯಿಸಿಯೇ ಕೊಡಬೇಕು ಎನ್ನುವವರಿದ್ದಾರೆ. ತಾಯಿಯ ಹಾಲನ್ನು ಒಲೆಯ ಮೇಲಿಡುವುದೇ ಮಹಾಪಾಪ ಎನ್ನುವವರೂ ಇದ್ದಾರೆ. ಎರಡು ಮಾತೂ ಭಕ್ತಿಯಿಂದಲೇ ಹುಟ್ಟಿದವು. ಆದರೆ ಅವೆರಡರ ನಡುವೆ ಒಂದು ಎಳೆಯ ಜೀವವಿದೆ ಎಂಬುದನ್ನು ಮರೆಯಲಾಗದು. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರಿಸುವುದು ಉಚಿತ.

ವಿಷಯದ ಹಿನ್ನೆಲೆ

37 ವಾರಗಳು ತುಂಬುವ ಮೊದಲು ಜನಿಸಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. 2020ನೆಯ ವರ್ಷದಲ್ಲಿ ಭಾರತದಲ್ಲಿ ಇಂತಹ ಸುಮಾರು 30 ಲಕ್ಷ ಶಿಶುಗಳು ಜನಿಸಿದವೆಂದು ಅಂದಾಜು. ಜಗತ್ತಿನ ಯಾವ ದೇಶದಲ್ಲಿಯೂ ಈ ಸಂಖ್ಯೆ ಇಷ್ಟಿಲ್ಲ. ಒಬ್ಬ ತಾಯಿಯ ಹಾಲನ್ನು ಶೇಖರಿಸಿ ಮತ್ತೊಬ್ಬಳ ಶಿಶುವಿಗೆ ಕೊಡುವ ಸಂಸ್ಥೆಗೆ ಹಾಲಿನ ಬ್ಯಾಂಕು, ಅಥವಾ ಎದೆಹಾಲಿನ ಭಂಡಾರ ಎಂದು ಹೆಸರು. ಮೊದಲ ಭಂಡಾರ 1909ರಲ್ಲಿ ವಿಯೆನ್ನಾ ನಗರದಲ್ಲಿ ಆರಂಭವಾಯಿತು. ನಮ್ಮ ದೇಶದಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಸ್ಥಾಪಿಸಿದ್ದು ಏಷ್ಯಾ ಖಂಡಕ್ಕೇ ಮೊದಲನೆಯದೆಂದು ಹೆಸರಾಗಿದೆ. ಕರ್ನಾಟಕದಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ 'ಅಮೃತಧಾರೆ' ಎಂಬ ಹೆಸರಿನಿಂದ ಭಂಡಾರ ತೆರೆಯಿತು. ಅದೇ ವರ್ಷ ಮಂಗಳೂರಿನ ಸರ್ಕಾರಿ ಲೇಡಿ ಗೋಷನ್ ಆಸ್ಪತ್ರೆಯಲ್ಲಿಯೂ ರೋಟರಿ ಸಂಸ್ಥೆಯ ನೆರವಿನಿಂದ ಒಂದು ಭಂಡಾರ ಆರಂಭವಾಯಿತು. ಚಾರ್ಮಾಡಿ ಘಾಟಿಯನ್ನೋ ಕುದುರೆಮುಖದ ದಾರಿಯನ್ನೋ ಇಳಿದು ಮಂಗಳೂರಿನ ವೈದ್ಯರನ್ನು ಆಶ್ರಯಿಸುವ ನಮ್ಮ ಸೀಮೆಯವರಿಗೆ ಇದು ಸಮೀಪದ ವಿಷಯವೇ ಆಗಿದೆ.

ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿ ಆಚಾರ್ಯರು ದಾನದ ಹಿರಿಮೆ ನಾಲ್ಕು ಅಂಶಗಳಿಂದ ಹೆಚ್ಚುಕಡಿಮೆಯಾಗುತ್ತದೆ ಎಂದಿದ್ದಾರೆ. ಕೊಡುವ ವಿಧಿ, ಕೊಡುವ ದ್ರವ್ಯ, ಕೊಡುವ ದಾತೃ, ಪಡೆಯುವ ಪಾತ್ರ — ಇವೇ ಆ ನಾಲ್ಕು. ಪ್ರಸ್ತುತ ವಿಷಯವನ್ನು ಈ ನಾಲ್ಕು ಕಂಬಗಳ ಮೇಲೆ ನಿಲ್ಲಿಸಿ ನೋಡಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ.

ಪಾತ್ರ

ಶಾಸ್ತ್ರದ ಕಟ್ಟುನಿಟ್ಟಾದ ಅರ್ಥದಲ್ಲಿ ಸತ್ಪಾತ್ರರೆಂದರೆ ಮುನಿಗಳು, ವ್ರತಿಕರು, ಸಮ್ಯಗ್ದೃಷ್ಟಿಗಳು. ಶಿಶು ಆ ಪಂಕ್ತಿಗೆ ಸೇರದು. ಆದರೆ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿರುವ ನಾಲ್ಕು ದತ್ತಿಗಳಲ್ಲಿ ಪಾತ್ರದತ್ತಿಯಂತೆಯೇ ದಯಾದತ್ತಿಯೂ ಒಂದು. ಭಯದಲ್ಲಿರುವ, ಅನುಗ್ರಹಕ್ಕೆ ಯೋಗ್ಯವಾದ ಜೀವಿಗಳಿಗೆ ಕರುಣೆಯಿಂದ ಕೊಡುವುದು ಅದರ ಲಕ್ಷಣ. ದಿನ ತುಂಬದ ಶಿಶುವಿಗಿಂತ ಹೆಚ್ಚು ಅಸಹಾಯವಾದ ಜೀವವನ್ನು ನಾವು ಎಲ್ಲಿ ಕಂಡೇವು?

ಸುಮಾರು 34 ವಾರಗಳ ಮೊದಲು ಹುಟ್ಟಿದ ಶಿಶುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಸಣ್ಣ ನಳಿಕೆಯ ಮೂಲಕ ಹನಿಹನಿಯಾಗಿ ಹಾಲನ್ನು ಹೊಟ್ಟೆಗೆ ಇಳಿಸಬೇಕು. ಆ ಕರುಳು ಬಲಿತಿರುವುದಿಲ್ಲ. ರೋಗಾಣುಗಳನ್ನು ತಡೆಯುವ ಬಲವೂ ಅದಕ್ಕಿರುವುದಿಲ್ಲ. ಕರುಳಿನ ಪದರಗಳು ಉರಿಯೂತದಿಂದ ಸತ್ತು ಕೊಳೆಯುವ ಒಂದು ಘೋರ ವ್ಯಾಧಿ ಇಂತಹ ಶಿಶುಗಳನ್ನು ಕಾಡುತ್ತದೆ. ವೈದ್ಯರು ಅದನ್ನು ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎನ್ನುತ್ತಾರೆ. ದಾನದ ತಾಯಿಹಾಲು ಕುಡಿದ ಶಿಶುಗಳಿಗೆ ಹೋಲಿಸಿದರೆ ಡಬ್ಬಿಯ ಪುಡಿಹಾಲು ಕುಡಿದ ಶಿಶುಗಳಲ್ಲಿ ಈ ವ್ಯಾಧಿ ಸುಮಾರು ಎರಡು ಪಟ್ಟು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆಯೆಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆಗಳು ತೋರಿಸಿವೆ. ಪುಡಿಹಾಲಿನಿಂದ ಶಿಶುವಿನ ತೂಕ ಬೇಗ ಏರುತ್ತದೆ ಎಂಬುದೂ ಅದೇ ಪರಿಶೀಲನೆಗಳಿಂದ ತಿಳಿದ ಸತ್ಯವೇ. ಆದರೆ ಅವಸರದ ತೂಕಕ್ಕಿಂತ ಉಳಿಯುವ ಪ್ರಾಣ ದೊಡ್ಡದು.

ದ್ರವ್ಯ

ತಾಯಿಯ ಹಸಿ ಹಾಲು ಕೇವಲ ಆಹಾರವಲ್ಲ. ಕೊಬ್ಬು, ಸಕ್ಕರೆ, ಸಸಾರಜನಕಗಳ ಜೊತೆಗೆ ಅದರಲ್ಲಿ ರೋಗನಿರೋಧಕ ವಸ್ತುಗಳಿವೆ, ಸಜೀವ ಕಣಗಳಿವೆ, ಹಾಲಿನ ಕೊಬ್ಬನ್ನು ಜೀರ್ಣಿಸಲು ನೆರವಾಗುವ ಕಿಣ್ವವೂ ಇದೆ. ಆಹಾರದಾನ, ಔಷಧದಾನ, ಅಭಯದಾನ ಎಂದು ನಾವು ಬೇರೆಬೇರೆಯಾಗಿ ಎಣಿಸುವ ಮೂರನ್ನೂ ಪ್ರಕೃತಿಯು ಒಂದೇ ಧಾರೆಯಲ್ಲಿ ಸೇರಿಸಿಟ್ಟಿದೆ ಎನ್ನಬಹುದು. ಅವಧಿಗೆ ಮೊದಲು ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ಕೆಲವು ವಾರಗಳು ಸಸಾರಜನಕವೂ ರಕ್ಷಕ ವಸ್ತುಗಳೂ, ದಿನ ತುಂಬಿ ಹೆತ್ತವಳ ಹಾಲಿಗಿಂತ ಅಧಿಕವಾಗಿರುತ್ತವೆ.

ಈ ಹಾಲಿಗೆ ಶಾಖ ತಗುಲಿದಾಗ ಏನಾಗುತ್ತದೆ? ಭಂಡಾರಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ಕ್ರಮಕ್ಕೆ ಹೋಲ್ಡರ್ ಪಾಶ್ಚರೀಕರಣವೆಂದು ಹೆಸರು. ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ 30 ನಿಮಿಷಗಳ ಕಾಲ ಹಿಡಿದಿಟ್ಟು, ಕೂಡಲೇ ತಣಿಸಿ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಹೆಪ್ಪುಗಟ್ಟಿಸಿ ಇಡುತ್ತಾರೆ. ಇದರಿಂದ ಕೊಬ್ಬು, ಸಕ್ಕರೆ, ಸಸಾರಜನಕಗಳ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವಾಗದು. ಕರುಳಿನಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಬೆಳೆಸುವ ವಿಶೇಷ ಶರ್ಕರಗಳು ಹಾಗೆಯೇ ಉಳಿಯುತ್ತವೆ. ಕರುಳಿನ ಗೋಡೆಗೆ ಕಾವಲಾಗಿರುವ ಐಜಿಎ ಎಂಬ ನಿರೋಧಕ ವಸ್ತುವಿನಲ್ಲಿ ಒಂದು ಪಾಲು ನಷ್ಟವಾದರೂ ಹೆಚ್ಚಿನ ಪಾಲು ಉಳಿಯುತ್ತದೆ. ಆದರೆ ರೋಗಾಣುಗಳಿಗೆ ಕಬ್ಬಿಣದ ಅಂಶ ಸಿಗದಂತೆ ತಡೆಯುವ ಲ್ಯಾಕ್ಟೊಫೆರಿನ್ನಿನ ಬಹುಭಾಗ ಹಾಳಾಗುತ್ತದೆ; ವಿಟಮಿನ್ ಸಿ ಕುಗ್ಗುತ್ತದೆ; ಸಜೀವ ಕಣಗಳು ಸಾಯುತ್ತವೆ; ಕೊಬ್ಬನ್ನು ಜೀರ್ಣಿಸುವ ಕಿಣ್ವವು ಪೂರ್ತಿಯಾಗಿ ನಿಷ್ಕ್ರಿಯವಾಗುತ್ತದೆ. ಸ್ವೀಡನ್ನಿನ ವೈದ್ಯರು 2007ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ, ಐದು ಅವಧಿಪೂರ್ವ ಶಿಶುಗಳಿಗೆ ಅವುಗಳ ತಾಯಂದಿರದೇ ಹಾಲನ್ನು ಒಂದು ವಾರ ಹಸಿಯಾಗಿಯೂ ಒಂದು ವಾರ ಕಾಯಿಸಿಯೂ ಕೊಟ್ಟು ನೋಡಿದರು. ಹಸಿ ಹಾಲಿನಿಂದ ಶಿಶುಗಳು ಹೀರಿಕೊಂಡ ಕೊಬ್ಬು ಸರಾಸರಿ ಶೇಕಡಾ 17ರಷ್ಟು ಹೆಚ್ಚಾಗಿತ್ತು.

ವ್ಯಾಪಾರಿಯ ಭಾಷೆಯಲ್ಲಿ ಹೇಳುವುದಾದರೆ, ಶಾಖವೆಂಬುದು ಜಮೆ ಮತ್ತು ಖರ್ಚು ಎರಡೂ ಇರುವ ಲೆಕ್ಕ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಮುಚ್ಚಿಟ್ಟರೆ ಪುಸ್ತಕ ಸುಳ್ಳಾಗುತ್ತದೆ; ಖರ್ಚನ್ನಷ್ಟೇ ನೋಡಿ ಅಂಗಡಿಯನ್ನೇ ಮುಚ್ಚಿದರೆ ಮನೆ ಉಪವಾಸ ಬೀಳುತ್ತದೆ.

ವಿಧಿ

ಹಾಗಾದರೆ ದಾನದ ಹಾಲನ್ನು ಏಕೆ ಕಾಯಿಸಬೇಕು? ತಾಯಿಯ ಎದೆಯಿಂದ ಸ್ವಂತ ಮಗುವಿಗೆ ಹೋಗುವ ಹಾಲಿನ ದಾರಿ ಒಂದು ಅಂಗುಲವೂ ಇಲ್ಲ. ಅಪರಿಚಿತ ತಾಯಿಯಿಂದ ಅಪರಿಚಿತ ಶಿಶುವಿಗೆ ಹೋಗುವ ಹಾಲು ಕೈ, ಪಂಪು, ಬಾಟಲಿ, ಶೀತಲ ಪೆಟ್ಟಿಗೆ ಎಲ್ಲವನ್ನೂ ದಾಟಿ ಬರುತ್ತದೆ. ದಾನಿಯ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಮೊದಲಾದ ರೋಗಗಳಿಗಾಗಿ ಪರೀಕ್ಷಿಸಿದರೂ, ಪರೀಕ್ಷೆಗೆ ಸಿಕ್ಕದ ಸೋಂಕು ಉಳಿದಿರಬಹುದು. 62.5 ಡಿಗ್ರಿಯ ಶಾಖವು ಎಚ್‌ಐವಿ ಮತ್ತು ಸೈಟೊಮೆಗಲೊ ವೈರಾಣುಗಳನ್ನೂ ಬಹುತೇಕ ಬ್ಯಾಕ್ಟೀರಿಯಾಗಳನ್ನೂ ನಿಷ್ಕ್ರಿಯಗೊಳಿಸುತ್ತದೆ. ಬ್ಯಾಸಿಲಸ್ ಎಂಬ ಜಾತಿಯ ಬೀಜಾಣುಗಳು ಮಾತ್ರ ಈ ಶಾಖಕ್ಕೂ ಬಗ್ಗುವುದಿಲ್ಲ. ಆದುದರಿಂದಲೇ ಕಾಯಿಸಿದ ನಂತರವೂ ಮಾದರಿಯನ್ನು ಪರೀಕ್ಷಿಸಿ, ಏನಾದರೂ ಬೆಳೆದರೆ ಆ ಹಾಲನ್ನು ತ್ಯಜಿಸುತ್ತಾರೆ.

ಇಲ್ಲಿ ಅಹಿಂಸೆಯ ಪ್ರಶ್ನೆ ಏಳುತ್ತದೆ. ಸೂಕ್ಷ್ಮಜೀವಿಗಳೂ ಜೀವಗಳೇ, ಉರಿಯಲ್ಲಿಯೇ ಅಗ್ನಿಕಾಯಿಕ ಜೀವಗಳಿವೆ. ಇದು ಹಿಂಸೆಯೇ ಅಲ್ಲ ಎಂದು ಸಾಧಿಸುವುದು ಜಿನಾಗಮಕ್ಕೆ ಸಲ್ಲದ ಮಾತು. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದ ಜೊತೆಗೆ ಪ್ರಮಾದವನ್ನೂ ಸೇರಿಸಿದೆ. ಕಷಾಯದಿಂದ, ಅಜಾಗರೂಕತೆಯಿಂದ ನಡೆದದ್ದಕ್ಕೂ, ಅನ್ಯ ಜೀವದ ರಕ್ಷಣೆಗಾಗಿ ಯತ್ನಪೂರ್ವಕವಾಗಿ, ಅನಿವಾರ್ಯವಾದಷ್ಟೇ ಪ್ರಮಾಣದಲ್ಲಿ ನಡೆದದ್ದಕ್ಕೂ ವ್ಯತ್ಯಾಸವಿದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಕಡಿಮೆ ಮಾಡುತ್ತ ಬರಬೇಕು. ಇದೇ ನಮ್ಮ ಆಚಾರ್ಯರು ತೋರಿದ ಮಾರ್ಗ.

ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ, ಹಿಂದಿನ ಸೊಸೆವೂರು, ಹಳೆಯ ಬಸದಿಗಳಿಂದ ಪ್ರಸಿದ್ಧವಾದದ್ದು. ಜೈನಮುನಿಯೊಬ್ಬರ ಮೇಲೆರಗಿದ ಹುಲಿಯನ್ನು, ಅವರ ಆಜ್ಞೆಯಂತೆಯೇ ಸಳನೆಂಬ ತರುಣನು ಹೊಡೆದನೆಂಬ ಐತಿಹ್ಯ ಈ ಊರಿನದು. ಹೊಯ್ಸಳ ವಂಶದ ಹೆಸರಿನ ಮೂಲವೂ ಇದೇ ಎನ್ನುತ್ತಾರೆ. ಅದರ ಚಾರಿತ್ರಿಕತೆ ವಿದ್ವಾಂಸರಿಗೆ ಬಿಟ್ಟದ್ದು. ಆದರೆ ಇಷ್ಟು ಶತಮಾನಗಳ ಕಾಲ ನಮ್ಮ ಜನ ಆ ಕಥೆಯನ್ನು ಧರ್ಮವಿರೋಧಿ ಎಂದು ಭಾವಿಸದೆ ಉಳಿಸಿಕೊಂಡು ಬಂದಿದ್ದಾರೆ ಎಂಬುದನ್ನು ಗಮನಿಸಬೇಕು. ಹುಲಿಯ ಮೇಲಿನ ದ್ವೇಷಕ್ಕೆ ಅಲ್ಲಿ ಎಡೆಯಿಲ್ಲ. ಎದುರಿಗಿದ್ದ ಪ್ರಾಣದ ರಕ್ಷಣೆಯೇ ಅಲ್ಲಿಯ ಉದ್ದೇಶ.

ಪ್ರಾಸುಕ ಜಲದ ದೃಷ್ಟಾಂತ ಇನ್ನೂ ಹತ್ತಿರದ್ದು. ನೀರನ್ನು ಕಾಯಿಸಿದರೆ ಜೀವಹಾನಿಯಾಗುತ್ತದೆ. ಆದರೂ ತ್ಯಾಗಿಗಳು ಕಾದಾರಿದ ನೀರನ್ನೇ ಸ್ವೀಕರಿಸುತ್ತಾರೆ. ಒಂದು ಸಲದ ಹಾನಿಯು ಕ್ಷಣಕ್ಷಣದ ಉತ್ಪತ್ತಿಯನ್ನೂ ನಾಶವನ್ನೂ ತಡೆಯುತ್ತದೆ ಎಂಬುದೇ ಅದಕ್ಕೆ ಕೊಡುವ ಸಮಾಧಾನ. ಕಾಯಿಸದ ದಾನದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು, ಶಿಶುವಿಗೆ ಸೋಂಕಾಗಿ, ಆ ಮೇಲೆ ಔಷಧದಿಂದ ಅವನ್ನು ಕೊಲ್ಲಬೇಕಾದ ಪ್ರಸಂಗ ಬಂದರೆ ಹಿಂಸೆ ಕಡಿಮೆಯಾಯಿತೆ, ಹೆಚ್ಚಾಯಿತೆ?

ಈ ವಿಧಿಯಲ್ಲಿರುವ ಮಿತಿಯನ್ನೂ ಮೆಚ್ಚಬೇಕು. ಹಾಲನ್ನು ಉಕ್ಕುವ ತನಕ ಕುದಿಸಿದರೆ ರಕ್ಷಕ ವಸ್ತುಗಳೆಲ್ಲ ಹಾಳಾಗುತ್ತವೆ. 62.5 ಡಿಗ್ರಿ ಎಂದರೆ ಕುದಿಯುವುದಕ್ಕಿಂತ ಬಹಳ ಕೆಳಗೆ. ಅಪಾಯವನ್ನು ಕಳೆಯಲು ಬೇಕಾದಷ್ಟು, ಅಮೃತತ್ವವನ್ನು ಆದಷ್ಟು ಉಳಿಸುವಷ್ಟು. 72 ಡಿಗ್ರಿಯಲ್ಲಿ 15 ಸೆಕೆಂಡು ಮಾತ್ರ ಕಾಯಿಸುವ, ಶಾಖದ ಬದಲು ಅಧಿಕ ಒತ್ತಡವನ್ನು ಪ್ರಯೋಗಿಸುವ ಕ್ರಮಗಳನ್ನು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ನಷ್ಟವನ್ನು ಇನ್ನೂ ತಗ್ಗಿಸುವುದೇ ಅವರ ಗುರಿ. ಯತ್ನಾಚಾರವೆಂಬ ನಮ್ಮ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದುರ್ಲಭ.

ಸ್ವಂತ ತಾಯಿಯ ಹಾಲು ಮತ್ತು ಮರ್ಯಾದೆಯ ಪ್ರಶ್ನೆ

ಇದುವರೆಗಿನ ಮಾತು ದಾನದ ಹಾಲಿಗೆ ಸಂಬಂಧಿಸಿದ್ದು. ಸ್ವಂತ ತಾಯಿ ಹಿಂಡಿ ಕಳುಹಿಸಿದ ಹಾಲಿನ ವಿಷಯ ಬೇರೆ. ಆ ಹಾಲನ್ನು ಮನೆಯಲ್ಲಿ ಕಾಯಿಸಬಾರದು. ಹಸಿಯಾಗಿಯೇ ಶಿಶುವಿಗೆ ಸಲ್ಲಬೇಕು. ಬಹಳ ಎಳೆಯ ಶಿಶುಗಳ ವಿಷಯದಲ್ಲಿ ಕೆಲವು ದೇಶಗಳ ವೈದ್ಯರು ಸೋಂಕಿನ ಭಯದಿಂದ ತಾಯಿಯ ಹಾಲನ್ನೂ ಸಂಸ್ಕರಿಸುವುದುಂಟು. ಅದು ವೈದ್ಯರ ನಿರ್ಣಯಕ್ಕೆ ಸೇರಿದ್ದು, ನಮ್ಮ ಅಡುಗೆಮನೆಗಲ್ಲ.

48 ನಿಮಿಷಗಳ ಮರ್ಯಾದೆ ಮೀರಿತಲ್ಲ ಎಂಬ ಹಿರಿಯರ ಅಳುಕನ್ನು ಹಗುರವಾಗಿ ಕಾಣಬಾರದು. ಅದಕ್ಕೆ ಎರಡು ಸಮಾಧಾನಗಳಿವೆ. ಮೊದಲನೆಯದು, ಭಕ್ಷ್ಯಾಭಕ್ಷ್ಯದ ನಿಯಮ ಅರಿತು ವ್ರತ ಹಿಡಿದವನಿಗೆ. ಎಂಟು ವರ್ಷ ತುಂಬದ ಮಗುವಿಗೆ ವ್ರತಗ್ರಹಣದ ಅಧಿಕಾರವಿಲ್ಲವೆಂದು ನಮ್ಮ ಪರಂಪರೆಯೇ ಹೇಳುತ್ತದೆ. ವ್ರತವೇ ಇಲ್ಲದ ಶಿಶುವಿಗೆ ವ್ರತಭಂಗವೆಲ್ಲಿಯದು? ಹಿರಿಯರು ತಮ್ಮ ನಿಯಮವನ್ನು ತಮ್ಮ ಮೇಲೆ ಎಷ್ಟು ಬಿಗಿಯಾಗಿಯಾದರೂ ಹೇರಿಕೊಳ್ಳಲಿ. ಅದರ ಭಾರವನ್ನು ಒಂದು ಕಿಲೋ ತೂಕದ ಜೀವದ ಮೇಲೆ ಇಡಬಾರದು. ಎರಡನೆಯದು, ಹಸಿ ತಾಯಿಹಾಲಿನಲ್ಲಿರುವ ರಕ್ಷಕ ವಸ್ತುಗಳು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಕೆಲವು ಕಾಲ ತಡೆಹಿಡಿಯುತ್ತವೆ. ಶುದ್ಧ ಕೈಯಿಂದ ಹಿಂಡಿದ ಹಾಲು ಸಾಮಾನ್ಯ ಕೋಣೆಯ ಉಷ್ಣದಲ್ಲಿ ಸುಮಾರು ನಾಲ್ಕು ಗಂಟೆ ಕೆಡದೆ ಇರುತ್ತದೆ. ತಣ್ಣಗಿಟ್ಟರೆ ಇನ್ನೂ ಹೆಚ್ಚು ಕಾಲ. ಆಸ್ಪತ್ರೆಯಲ್ಲಿರುವ ಶಿಶುವಿಗಾಗಿ ಎಷ್ಟು ಹೊತ್ತು, ಹೇಗೆ ಇಡಬೇಕೆಂಬುದನ್ನು ಅಲ್ಲಿನ ದಾದಿಯರು ಹೇಳಿದಂತೆಯೇ ನಡೆಸಬೇಕು. ಕಾಯಿಸಿದರೆ ಈ ಸ್ವಾಭಾವಿಕ ಕಾವಲನ್ನು ನಾವೇ ಕಿತ್ತುಹಾಕಿದಂತಾಗುತ್ತದೆ.

ದಾತೃ

ದಾನವೆಂದರೆ ಅನುಗ್ರಹಕ್ಕಾಗಿ ತನ್ನದನ್ನು ಬಿಟ್ಟುಕೊಡುವುದು. ಆ ಅನುಗ್ರಹ ಕೊಡುವವನಿಗೂ ಪಡೆಯುವವನಿಗೂ ಸಮನಾಗಿ ಸಲ್ಲುತ್ತದೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಎದೆಹಾಲಿನ ದಾನದಲ್ಲಿ ಇದು ಅಕ್ಷರಶಃ ಸತ್ಯ. ಸ್ವಂತ ಮಗುವಿಗೆ ಸಾಕಾಗಿ ಮಿಕ್ಕ ಹಾಲು ಎದೆ ಕಟ್ಟಿ ನೋಯಿಸುವಾಗ, ಅದನ್ನು ಹಿಂಡಿ ಕೊಟ್ಟ ತಾಯಿಗೂ ನೆಮ್ಮದಿ.

ಬಾಣಂತಿಗೆ ಜನನ ಸೂತಕವಿರುವಾಗ ದಾನ ಸಲ್ಲುವುದೆ ಎಂದು ಕೇಳುವವರುಂಟು. ಸೂತಕದಲ್ಲಿ ದೇವಪೂಜೆ, ಮುನಿಗಳ ಆಹಾರದಾನ ನಿಷಿದ್ಧ. ಅದು ಪಾತ್ರದತ್ತಿಯ ವಿಷಯ. ಸ್ವಂತ ಮಗುವಿಗೆ ಹಾಲೂಡಲು ಯಾವ ಸೂತಕವೂ ಅಡ್ಡಬಾರದು. ದಯೆಯಿಂದ ಮತ್ತೊಂದು ಮಗುವಿಗೆ ಕೊಡಲು ಅದು ಹೇಗೆ ಅಡ್ಡಬಂದೀತು?

ಯಾವ ಕುಲದವಳ ಹಾಲೋ ಎಂಬ ಶಂಕೆ ಇನ್ನೊಂದು. ಭಂಡಾರಗಳಲ್ಲಿ ಹಲವು ತಾಯಂದಿರ ಹಾಲನ್ನು ಒಟ್ಟುಗೂಡಿಸುವುದೂ ಉಂಟು. ಅಲ್ಲಿ ಕುಲದ ಗುರುತು ಉಳಿಯುವುದಿಲ್ಲ. ಕಾಫಿ ತೋಟದ ಕೂಲಿಲೈನಿನ ತಾಯಿಯ ಹಾಲು ತೋಟದ ಮಾಲೀಕನ ಮೊಮ್ಮಗನನ್ನು ಉಳಿಸಬಹುದು. ಮಾಲೀಕನ ಸೊಸೆಯ ಹಾಲು ಆಕೆಯ ಮಗುವನ್ನು ಉಳಿಸಬಹುದು. ಪ್ರತಿಯೊಂದು ಜೀವದಲ್ಲಿಯೂ ಸಮಾನವಾದ ಆತ್ಮಶಕ್ತಿಯನ್ನು ಒಪ್ಪುವ ನಮಗೆ ಇದರಲ್ಲಿ ಆಕ್ಷೇಪವಿರಬಾರದು.

ಆದರೆ ಒಂದು ಎಚ್ಚರ ಅಗತ್ಯ. ತಾಯಿಹಾಲನ್ನು ಸಂಸ್ಕರಿಸಿ ಮಾರುವ ಉದ್ಯಮ ನಮ್ಮ ದೇಶದಲ್ಲಿ ತಲೆಯೆತ್ತಿತ್ತು. 2006ರ ಆಹಾರ ಸುರಕ್ಷತಾ ಕಾಯಿದೆಯಡಿಯಲ್ಲಿ ಮಾನವ ಹಾಲಿನ ಸಂಸ್ಕರಣೆ ಮತ್ತು ಮಾರಾಟಕ್ಕೆ ಅವಕಾಶವಿಲ್ಲವೆಂದು ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. 2017ರ ಕೇಂದ್ರ ಸರ್ಕಾರದ ಮಾರ್ಗಸೂಚಿಯೂ ದಾನದ ಹಾಲಿನಿಂದ ಲಾಭ ಪಡೆಯುವುದನ್ನು ಒಪ್ಪುವುದಿಲ್ಲ. ತೂಕ ಮತ್ತು ಬೆಲೆಗಳ ನಡುವೆಯೇ ಬಾಳು ಸವೆಸಿದ ನನಗೆ ಇದು ಸರಿಯೆಂದೇ ತೋರುತ್ತದೆ. ಹಾಲಿಗೆ ಬೆಲೆ ಕಟ್ಟಿದ ದಿನ ಬಡತಾಯಿ ತನ್ನ ಮಗುವಿನ ಬಾಯಿಂದ ತೆಗೆದು ಮಾರುವ ಪರಿಸ್ಥಿತಿ ಬರುತ್ತದೆ. ಮಿಕ್ಕದ್ದನ್ನು ಕೊಡುವುದು ದಾನ. ಇದ್ದದ್ದನ್ನೇ ಕಿತ್ತುಕೊಳ್ಳುವುದು ಪರಿಗ್ರಹ.

ನಮ್ಮ ಕರ್ತವ್ಯ

ವಿಚಾರದ ಸಾರ ಇಷ್ಟು. ಮೊದಲು ಸ್ವಂತ ತಾಯಿಯ ಹಸಿ ಹಾಲು. ಅದು ಸಾಲದಿದ್ದಾಗ ಕ್ರಮವರಿತು ಕಾಯಿಸಿದ ದಾನದ ಹಾಲು. ಅದೂ ದೊರೆಯದಿದ್ದಾಗ ಮಾತ್ರ ಪುಡಿಹಾಲು. ಕಾಯಿಸುವುದರಿಂದ ಆಗುವ ನಷ್ಟವು ಅಪರಿಚಿತರ ನಡುವಿನ ದಾನ ನಿರ್ವಿಘ್ನವಾಗಿ ನಡೆಯಲು ತೆರುವ ಬೆಲೆ. ಆ ಬೆಲೆಯನ್ನು ತೆರಬೇಕಾದಲ್ಲಿ ಸಂಕೋಚವಿಲ್ಲದೆ ತೆರಬೇಕು, ತೆರಬೇಕಿಲ್ಲದಲ್ಲಿ ತೆರಬಾರದು.

ನಮ್ಮ ಸೀಮೆಯಲ್ಲಿ ಆ ಬೆಲೆಯನ್ನು ಅನಾವಶ್ಯಕವಾಗಿ ತೆರುತ್ತಿರುವುದು ಎಲ್ಲಿ ಎಂಬುದನ್ನು ಹೇಳಿ ಲೇಖನವನ್ನು ಮುಗಿಸುತ್ತೇನೆ. ಹೆರಿಗೆಯಾದ ಹೆಣ್ಣುಮಗಳನ್ನು ಬಾಣಂತನಕ್ಕೆಂದು ಕಳಸದಲ್ಲೋ ಕೊಟ್ಟಿಗೆಹಾರದಲ್ಲೋ ಬೆಚ್ಚಗೆ ಮಲಗಿಸಿ, ಶಿಶುವನ್ನು ನೂರು ಕಿಲೋಮೀಟರ್ ಆಚೆಯ ಆಸ್ಪತ್ರೆಯಲ್ಲಿ ಬಿಡುವ ವಾಡಿಕೆಯಿದೆ. ಮಳೆಗಾಲದಲ್ಲಿ ಘಾಟಿ ಕುಸಿದರೆ ಹಿಂಡಿದ ಹಾಲೂ ಕೆಳಗಿಳಿಯದು. ಹಿಂಡುವ ಕ್ರಮ ತಪ್ಪಿದರೆ ಕೆಲವೇ ದಿನಗಳಲ್ಲಿ ಹಾಲು ಇಂಗುತ್ತದೆ. ಹಾಲಿನ ಬ್ಯಾಂಕಿದೆಯಲ್ಲ ಎಂದು ಮನೆಯವರು ಸಮಾಧಾನ ಪಡುತ್ತಾರೆ. ತಾಯಿಗೆ ವಿಶ್ರಾಂತಿ ಬೇಕು ನಿಜ. ಆದರೆ ಆ ವಿಶ್ರಾಂತಿ ಮಗುವಿನ ಹತ್ತಿರವೇ ಏಕಾಗಬಾರದು? ತಾಯಿಯ ಎದೆಗೆ ಶಿಶುವನ್ನು ಅಪ್ಪಿಸಿಟ್ಟರೆ ಶಿಶುವಿನ ಮೈ ಬೆಚ್ಚಗಿರುತ್ತದೆ, ತಾಯಿಯ ಹಾಲೂ ಹೆಚ್ಚುತ್ತದೆ ಎಂಬುದು ವೈದ್ಯರು ಒಪ್ಪಿದ ಮಾತು.

ನಮ್ಮ ಬಸದಿಗಳ ಟ್ರಸ್ಟುಗಳು ಯಾತ್ರಾರ್ಥಿಗಳಿಗಾಗಿ ವಸತಿಗೃಹಗಳನ್ನು ಕಟ್ಟಿವೆ, ಕಟ್ಟುತ್ತಿವೆ. ಅವುಗಳಂತೆಯೇ ಮಂಗಳೂರು, ಹಾಸನ, ಬೆಂಗಳೂರುಗಳ ದೊಡ್ಡ ಆಸ್ಪತ್ರೆಗಳ ಸಮೀಪ ನಾಲ್ಕಾರು ಕೋಣೆಗಳನ್ನು ಬಾಡಿಗೆಗೆ ಹಿಡಿದು, ದಿನ ತುಂಬದ ಶಿಶುಗಳ ತಾಯಂದಿರಿಗೂ ಜೊತೆಯ ಹಿರಿಯ ಹೆಂಗಸರಿಗೂ ಬಿಸಿನೀರು, ಪಥ್ಯದ ಊಟ, ಹಾಲು ಹಿಂಡುವ ಪಂಪು ಒದಗಿಸಿದರೆ ಅದು ಒಂದು ಪಂಚಕಲ್ಯಾಣದ ಖರ್ಚಿನ ಅಲ್ಪಾಂಶವೂ ಆಗದು. ಜಾತಿಮತಗಳ ಭೇದವಿಲ್ಲದೆ ಅದು ಎಲ್ಲ ತಾಯಂದಿರಿಗೂ ತೆರೆದಿರಲಿ. ಹಾಲು ಮಿಕ್ಕ ನಮ್ಮ ಸೊಸೆಯಂದಿರಿಗೆ ಭಂಡಾರದ ವಿಷಯವನ್ನು ತಿಳಿಸಿಹೇಳುವ ಹೊಣೆಯನ್ನು ಮಹಿಳಾ ಸಮಾಜಗಳು ವಹಿಸಿಕೊಳ್ಳಲಿ.

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನದಲ್ಲಿ ಮೊದಲ ಮೂರನ್ನು ತಾಯಿ ತನ್ನ ಹಾಲಿನಲ್ಲಿಯೇ ಕೊಡುತ್ತಾಳೆ. ನಾಲ್ಕನೆಯದು, ಎಂದರೆ ತಿಳಿವಳಿಕೆಯ ದಾನ, ನಮ್ಮ ಪಾಲಿನದು. ಅದನ್ನು ತಡಮಾಡದೆ ಸಲ್ಲಿಸುವ ಬುದ್ಧಿ ಶ್ರಾವಕ ಬಂಧುಗಳಿಗೂ ಟ್ರಸ್ಟುಗಳ ಧರ್ಮದರ್ಶಿಗಳಿಗೂ ಉಂಟಾಗಲಿ.